ತ್ರಿಕೂಟ ವೇತನ ಮೀಮಾಂಸೆ

ಸೋಮನಾಥಪುರದ ಕೇಶವ ದೇವಾಲಯವನ್ನು ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ 1258ರಲ್ಲಿ ಕಟ್ಟಿಸಿದ್ದು ವಿಷ್ಣುಭಕ್ತಿಯಿಂದ ಎಂದು ಇತಿಹಾಸಕಾರರು ಇಂದಿಗೂ ತಪ್ಪು ತಿಳಿದಿದ್ದಾರೆ. ಅದು ಕರ್ನಾಟಕದ ಮೇಷ್ಟ್ರುಗಳ ಸಂಬಳದ ಕಲ್ಲಿನ ನಕ್ಷೆ. ಈ ಸತ್ಯ ಪ್ರಸ್ತುತ ಮೀಮಾಂಸಕನಿಗೆ ಹೊಳೆದದ್ದು ಬನ್ನೂರು ಬಸ್ಸಿಗೆ ಕಾಯುತ್ತ ನಿಂತಾಗ.

ಮೊದಲು ಶಾಸನಪ್ರಮಾಣ. ಶಿಲ್ಪಿ ಮಲ್ಲಿತಮ್ಮ ವಿಗ್ರಹಗಳ ಪೀಠದ ಮೇಲೆ ಮತ್ತೆ ಮತ್ತೆ ತನ್ನ ಹೆಸರು ಕೆತ್ತಿದ್ದಾನೆ. ಕಲಾವಿದನ ಅಭಿಮಾನ ಎನ್ನುತ್ತಾರೆ ಪಂಡಿತರು. ಅಲ್ಲ. ಹಾಜರಿ ಪುಸ್ತಕದಲ್ಲಿ ರುಜು ಇಲ್ಲದಿದ್ದರೆ ಬಿಲ್ಲು ಪಾಸಾಗದೆಂದು ಅವನಿಗೆ ಗೊತ್ತಿತ್ತು.

ಇನ್ನು ಕ್ಷೇತ್ರಭೇದ. ರಾಜ್ಯದ ಏಳನೆಯ ವೇತನ ಆಯೋಗದ ಪ್ರಕಾರ ಪ್ರಾಥಮಿಕ ಶಾಲಾ ಶಿಕ್ಷಕರ ಆರಂಭದ ಮೂಲವೇತನ 41,300 ರೂಪಾಯಿ. ಬೀದರಿಗೂ ಬೆಂಗಳೂರಿಗೂ ಒಂದೇ. ಇದು ಅದ್ವೈತ. ಭೇದ ಹುಟ್ಟುವುದು ಮನೆ ಬಾಡಿಗೆ ಭತ್ಯೆಯಲ್ಲಿ: ಬೆಂಗಳೂರಿಗೆ ಶೇ. 20, ಮೈಸೂರಿಗೆ ಶೇ. 15, ಸೋಮನಾಥಪುರದಂಥ ಊರಿಗೆ ಶೇ. 7.5. ಅಂದರೆ 8,260, 6,195 ಮತ್ತು 3,097 ರೂಪಾಯಿ 50 ಪೈಸೆ. (ಐವತ್ತು ಪೈಸೆ ಯಾರಿಗೆ ಸಲ್ಲುತ್ತದೆಂಬುದು ಬೇರೊಂದು ಪ್ರಬಂಧದ ವಸ್ತು.) 2023ರಲ್ಲಿ ದೇವಾಲಯ ಯುನೆಸ್ಕೊ ಪಟ್ಟಿಗೇರಿತು, ಭತ್ಯೆಯ ಪಟ್ಟಿಯಲ್ಲಿ ಊರು ಕೊನೆಯ ವರ್ಗದಲ್ಲೇ ಇದೆ.

ಪೂರ್ವಪಕ್ಷ: ಹಳ್ಳಿಯಲ್ಲಿ ಬಾಡಿಗೆ ಕಡಿಮೆಯಲ್ಲವೆ?

ಸಿದ್ಧಾಂತ: ಮೇಷ್ಟ್ರು ಹಳ್ಳಿಯಲ್ಲಿದ್ದರೆ ತಾನೆ! ಮಗಳ ಪಿಯುಸಿ ಮೈಸೂರಿನಲ್ಲಿ, ಹಾಗಾಗಿ ಮನೆಯೂ ಮೈಸೂರಿನಲ್ಲಿ. ಭತ್ಯೆ ಶಾಲೆಯಿರುವ ಊರು ನೋಡುತ್ತದೆ, ಓನರು ಮನೆಯಿರುವ ಊರು ನೋಡುತ್ತಾರೆ. ನಡುವಿನ ಸುಮಾರು 35 ಕಿಲೋಮೀಟರನ್ನು ದೇವಾಲಯ ವಾಸ್ತುವಿನ ಪರಿಭಾಷೆಯಲ್ಲಿ ‘ಅಂತರಾಳ’ ಎನ್ನಬಹುದು. ಈ ಅಂತರಾಳದಲ್ಲಿ 2023ರ ಜೂನ್‌ನಿಂದ ಮಿಸ್ಸುಗಳು ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲ, ಮೇಷ್ಟ್ರು ಕೊಡಬೇಕು. ಶಕ್ತಿ ಯೋಜನೆಯಿಂದ ಆದ ಈ ಉಪಭೇದವನ್ನು ಸ್ಟಾಫ್ ರೂಮಿನಲ್ಲಿ ಎತ್ತದಿರುವುದು ಕ್ಷೇಮ.

ಕೊನೆಗೆ ತ್ರಿಕೂಟದ ಮೂರು ಗರ್ಭಗುಡಿಗಳು. ವೇಣುಗೋಪಾಲ ಬೆಂಗಳೂರಿನವ. ಭತ್ಯೆ ಸಾಕಾಗಿ ಕೊಳಲೂದುತ್ತಿದ್ದಾನೆ ಎನ್ನಲು ಧೈರ್ಯ ಸಾಲದು. ಅಲ್ಲಿ 8,260ಕ್ಕೆ ಎಂಥ ಮನೆ ಸಿಗುತ್ತದೆಂದು ಬಲ್ಲೆ. ಜನಾರ್ದನ ಮೈಸೂರಿನವ. ಹಳ್ಳಿಯವನು ಕೇಶವ, ಮುಖ್ಯ ಗರ್ಭಗುಡಿಯ ಒಡೆಯ. ಆದರೆ ಮೂಲ ಕೇಶವ ಅಲ್ಲಿಲ್ಲ. ಈಗ ನಿಂತಿರುವುದು ಆಮೇಲೆ ತಂದಿಟ್ಟ ವಿಗ್ರಹ. ಹುದ್ದೆ ಖಾಲಿ, ಪೀಠ ಭರ್ತಿ. ಇದನ್ನೇ ಇಲಾಖೆ ‘ಅತಿಥಿ ಶಿಕ್ಷಕ’ ಎನ್ನುತ್ತದೆ. 2025ರ ಬಜೆಟ್‌ನಲ್ಲಿ 2,000 ಏರಿದ ಮೇಲೆ ಪ್ರಾಥಮಿಕ ಶಾಲೆಯಲ್ಲಿ ಇವರ ತಿಂಗಳ ಗೌರವಧನ 12,000 ರೂಪಾಯಿ. ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ಬಾಡಿಗೆ ಭತ್ಯೆ ಬೆಂಗಳೂರಿನಲ್ಲಿ ಸೊನ್ನೆ, ಸೋಮನಾಥಪುರದಲ್ಲಿ ಸೊನ್ನೆ. ಪ್ರಾದೇಶಿಕ ಅಸಮಾನತೆ ಸಂಪೂರ್ಣ ನಿವಾರಣೆಯಾದ ಏಕೈಕ ವರ್ಗವಿದು.

ಇದನ್ನೆಲ್ಲ ಗರ್ಭಗುಡಿಯೆದುರು ಗಟ್ಟಿಯಾಗಿ ಪ್ರತಿಪಾದಿಸುತ್ತಿದ್ದಾಗ, ಮಕ್ಕಳನ್ನು ಪ್ರವಾಸಕ್ಕೆ ಕರೆತಂದಿದ್ದ ಅತಿಥಿ ಮೇಷ್ಟ್ರೊಬ್ಬರು ವಿಗ್ರಹವನ್ನೇ ನೋಡುತ್ತ ಕೇಳಿದರು:

“ಸಾರ್, ಮೂಲ ಕೇಶವ ವಾಪಸ್ ಬಂದ್ರೆ ಇವ್ರನ್ನ ಎಲ್ಲಿಗೆ ಕಳಿಸ್ತಾರೆ?”