ಪ್ರಥಮ ಚಿಕಿತ್ಸೆ: ಬಿ.ಪಿ.ಎಡ್. ವಿದ್ಯಾರ್ಥಿಗಳಿಗೊಂದು ಕೈಪಿಡಿ

ಈ ಕೈಪಿಡಿಯನ್ನು ಮೈದಾನಕ್ಕೆ ಒಯ್ಯಬೇಕಾಗಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಓದಿದರೆ ಸಾಕು. ಪ್ರಥಮ ಚಿಕಿತ್ಸೆ ಐದು ಅಂಕದ ಟಿಪ್ಪಣಿ. ಅದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ.

ಮೊದಲು ಪೆಟ್ಟಿಗೆ. ಅದನ್ನು ಸಾಮಗ್ರಿ ಕೋಣೆಯಲ್ಲಿ, ಜಾವೆಲಿನ್ ಕಟ್ಟಿನ ಹಿಂದೆ ಇಡಿ. ಬೀಗ ಕಡ್ಡಾಯ. ಬೀಗದ ಕೈ ಅಂದು ರಜೆ ಹಾಕಿರುವ ಅಟೆಂಡರ್ ಹತ್ತಿರ ಇರಲಿ. ಒಳಗೆ ಹತ್ತಿ, ಒಣಗಿದ ಟಿಂಚರ್ ಬಾಟಲಿ ಮತ್ತು ಅರ್ಧ ಖಾಲಿಯಾದ ನೋವಿನ ಸ್ಪ್ರೇ ಇದ್ದರೆ ಪೆಟ್ಟಿಗೆ ಪರಿಪೂರ್ಣ.

ಸ್ಪ್ರೇ ಎಲ್ಲಕ್ಕೂ ಆಗುತ್ತದೆ. ಕಬಡ್ಡಿ ರೈಡರ್‌ನ ಪಾದ ಉಳುಕಿದರೂ ಸ್ಪ್ರೇ, ಮೂಳೆ ಮುರಿದರೂ ಸ್ಪ್ರೇ. ಆಮೇಲೆ ಅವನನ್ನು ಎಬ್ಬಿಸಿ, ನಾಲ್ಕು ಹೆಜ್ಜೆ ಕುಂಟಿಸಿ, ‘ಏನಾಗಲ್ಲ, ಆಡೋ’ ಅನ್ನಿ. ಉತ್ತರಪತ್ರಿಕೆಯಲ್ಲಿ ಮಾತ್ರ ‘ರೈಸ್’ ಸೂತ್ರ ಬರೆಯಿರಿ: ವಿಶ್ರಾಂತಿ, ಮಂಜುಗಡ್ಡೆ, ಬಿಗಿ ಪಟ್ಟಿ, ಎತ್ತರ. 1978ರಲ್ಲಿ ಈ ಸೂತ್ರ ಕೊಟ್ಟ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್, ಮಂಜುಗಡ್ಡೆಯೂ ಪೂರ್ಣ ವಿಶ್ರಾಂತಿಯೂ ಗಾಯ ಮಾಯುವುದನ್ನು ತಡಮಾಡಬಹುದು ಎಂದು ಮುಂದೆ ತಾವೇ ತಿದ್ದಿಕೊಂಡರು. ಆ ಸುದ್ದಿ ನಮ್ಮ ಜೆರಾಕ್ಸ್ ಅಂಗಡಿಗೆ ಇನ್ನೂ ಬಂದಿಲ್ಲ. ಬಂದರೂ ತೊಂದರೆಯಿಲ್ಲ, ಕ್ರೀಡಾಕೂಟದಲ್ಲಿ ಮಂಜುಗಡ್ಡೆ ಇರುವುದು ಮುಖ್ಯ ಅತಿಥಿಗಳ ಜ್ಯೂಸಿನಲ್ಲಿ.

ಮೂಗಿನಲ್ಲಿ ರಕ್ತ ಬಂದರೆ ತಲೆಯನ್ನು ಹಿಂದಕ್ಕೆ ಬಾಗಿಸಿ. ರಕ್ತ ಗಂಟಲಿಗಿಳಿಯುತ್ತದೆ, ಜರ್ಸಿ ಕೊಳೆಯಾಗುವುದಿಲ್ಲ, ವಾಂತಿಯಾದಾಗ ನೋಡಿಕೊಂಡರಾಯಿತು. ಮುಂದಕ್ಕೆ ಬಾಗಿಸಿ, ಮೂಗಿನ ಮೆದು ಭಾಗವನ್ನು ಹತ್ತು ನಿಮಿಷ ಬಿಡದೆ ಹಿಡಿಯುವುದೇ ಸರಿ ಎಂದು ಡಾಕ್ಟರುಗಳು ಹೇಳುತ್ತಾರೆ. ಆದರೆ ಹತ್ತು ನಿಮಿಷ ಮೂಗು ಹಿಡಿದು ಕೂತರೆ, ಮೇಷ್ಟ್ರು ಏನೂ ಮಾಡಲಿಲ್ಲ ಅಂತ ಜನ ಅಂದುಕೊಳ್ಳುವುದಿಲ್ಲವೇ?

ಹುಡುಗಿಯೊಬ್ಬಳಿಗೆ ಫಿಟ್ಸ್ ಬಂದರೆ ಕಬ್ಬಿಣ ಹುಡುಕಿ. ಪೆಟ್ಟಿಗೆ ತೆರೆಯಲು ಸಿಗದ ಬೀಗದ ಕೈಗಳು ಈಗ ಹತ್ತು ಜನರ ಜೇಬಿನಿಂದ ಹೊರಬರುತ್ತವೆ. ಹುಡುಗಿಯ ತಲೆಯಡಿ ಮೆತ್ತಗಿನದೇನಾದರೂ ಇಟ್ಟು, ಬಾಯಿಗೆ ಏನೂ ತುರುಕದೆ, ಸೆಳೆತ ನಿಂತ ಮೇಲೆ ಮಗ್ಗುಲಿಗೆ ಹೊರಳಿಸಿ, ಐದು ನಿಮಿಷ ದಾಟಿದರೆ 108ಕ್ಕೆ ಕರೆಯಿರಿ ಎನ್ನುವ ಮಂಕು ಸಲಹೆಗಳನ್ನು ಕಿವಿಗೆ ಹಾಕಿಕೊಳ್ಳಬೇಡಿ.

ಇನ್ನು ಓಡುತ್ತಿದ್ದವನು ಏಕಾಏಕಿ ಕುಸಿದು, ಉಸಿರೇ ಇಲ್ಲದಿದ್ದರೆ? 2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಯೂರೊ ಟೂರ್ನಿಯ ಪಂದ್ಯ ಆಡುತ್ತಿದ್ದ ಡೆನ್ಮಾರ್ಕ್ ಫುಟ್‌ಬಾಲ್ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ ಹಾಗೆ ಬಿದ್ದಾಗ ಕೂಡಲೇ ಎದೆ ಒತ್ತಿದರು, ಡಿಫಿಬ್ರಿಲೇಟರ್‌ನಿಂದ ಶಾಕ್ ಕೊಟ್ಟರು. ಮೂರು ವರ್ಷದ ಬಳಿಕ ಆತ ಅದೇ ಯೂರೊ ಟೂರ್ನಿಯಲ್ಲಿ ಗೋಲು ಹೊಡೆದ. ನಮ್ಮಲ್ಲಿ ನೀರು ಚಿಮುಕಿಸಿ, ಈರುಳ್ಳಿ ಮೂಸಿಸುತ್ತಾರೆ. ಗೊತ್ತಿಲ್ಲ ಎಂದಲ್ಲ. ನಿಮಿಷಕ್ಕೆ 100ರಿಂದ 120 ಸಲ, ಕನಿಷ್ಠ 5 ಸೆಂ.ಮೀ. ಆಳ, 30 ಒತ್ತಿಗೆ 2 ಉಸಿರು: ನಿದ್ದೆಯಲ್ಲಿ ಕೇಳಿದರೂ ಒಪ್ಪಿಸುತ್ತೀರಿ. ಆ ಆಳಕ್ಕೆ ಅಂಗೈ ಎಷ್ಟು ಬಲ ಹಾಕಬೇಕು, ಎರಡೇ ನಿಮಿಷದಲ್ಲಿ ತೋಳು ಹೇಗೆ ಸೋಲುತ್ತದೆ ಎಂಬುದು ಗೊಂಬೆಯ ಮೇಲೆ ಒತ್ತಿ ನೋಡಿದವರಿಗಷ್ಟೇ ತಿಳಿಯುತ್ತದೆ. ತರಗತಿಗೆಲ್ಲ ಒಂದೇ ಗೊಂಬೆ. ಇಬ್ಬರು ಒತ್ತುತ್ತಾರೆ, ಫೋಟೊ ತೆಗೆಯಲಾಗುತ್ತದೆ, ಬೆಳಗೆದ್ದು ನೂರು ದಂಡ ಹೊಡೆಯುವ ಉಳಿದ ತೋಳುಗಳೆಲ್ಲ ರೆಕಾರ್ಡ್ ಪುಸ್ತಕದಲ್ಲಿ ಅದರ ಚಿತ್ರ ಬಿಡಿಸುತ್ತವೆ. ಅಂಕ ಬರುವುದು ಚಿತ್ರಕ್ಕೆ, ಹಾಗಾಗಿ ಪೆನ್ಸಿಲ್ ಚೂಪಾಗಿರಲಿ.

ಕೊನೆಗೆ ವರದಿ. ‘ಪ್ರಥಮ ಚಿಕಿತ್ಸೆ ನೀಡಲಾಯಿತು’ ಎಂದು ಬರೆದು ಸಹಿ ಹಾಕಿಸಿ. ಯಾರು ನೀಡಿದರು, ಏನು ನೀಡಿದರು ಎಂಬ ಕಾಲಂ ಫಾರಂನಲ್ಲಿ ಇಲ್ಲ.