ತಿಕೋಟಾದ ತೀರ್ಮಾನಪ್ಪ

ವಿಜಯಪುರದಲ್ಲಿ ಕೋಚಿಂಗ್ ಸೆಂಟರುಗಳಿರುವ ಯಾವ ಓಣಿಗೆ ಹೋದರೂ ಚಹಾದಂಗಡಿ ಮುಂದೆ ಈತ ಸಿಕ್ಕೇ ಸಿಗುತ್ತಾನೆ. ಪಿಎಸ್‌ಐ, ಎಫ್‌ಡಿಎ, ಕೆಎಎಸ್, ಯಾವುದಕ್ಕೆ ಕರೆದರೂ ಅರ್ಜಿ ಹಾಕುತ್ತಾನೆ. ಓದಿದ್ದೆಲ್ಲ ಪರೀಕ್ಷೆಯ ಮರುದಿನ ಮರೆತರೂ ತಾರ್ಕಿಕ ಸಾಮರ್ಥ್ಯದ ಪಾಠ ಮಾತ್ರ ರಕ್ತಕ್ಕಿಳಿದಿದೆ. ಯಾರು ಬಾಯಿ ತೆರೆದರೂ ಆ ಮಾತು ಆಧಾರವೋ, ತೀರ್ಮಾನವೋ, ಹೇಳದೆ ನುಂಗಿದ ಊಹೆಯೋ ಎಂದು ಅಲ್ಲೇ ಚೀಟಿ ಹಚ್ಚುತ್ತಾನೆ. ಗೆಳೆಯರು ತೀರ್ಮಾನಪ್ಪ ಅಂತ ಸುಮ್ಮನೆ ಕರೆಯುವುದಿಲ್ಲ.

ಊರು ತಿಕೋಟಾ. ಮನೆಯಲ್ಲಿ ದ್ರಾಕ್ಷಿ ತೋಟ, ಒಣದ್ರಾಕ್ಷಿ ಶೆಡ್ಡು. ಹಣ್ಣು ಒಣಗಲು ಹಾಕಿದ ದಿನಗಳಲ್ಲಿ ಅಕಾಲದ ಮಳೆ ಬಂತೆಂದರೆ ಬಣ್ಣ ಕೆಟ್ಟು ದರ ಬೀಳುತ್ತದೆ. ಅಂಥದೊಂದು ಸಂಜೆ ಅಪ್ಪ ಹೇಳಿದ, “ಈ ತಿಂಗಳ ರೂಮಿನ ಬಾಡಿಗಿ ಕಳ್ಸಾಕ ಆಗಂಗಿಲ್ಲೋ ತಮ್ಮಾ. ಮಳಿ ಹೊಡೀತು. ತಾಸಗಾಂವದಾಗ ಮಾಲಿಗೆ ದರ ಬರಂಗಿಲ್ಲ.”

“ಯಪ್ಪಾ, ನೀ ತೀರ್ಮಾನಾನ ಮೊದ್ಲ ಹೇಳಿಬಿಟ್ಟಿ. ಮಳಿ ಹೊಡೆದದ್ದು ಆಧಾರ. ದರ ಬರಂಗಿಲ್ಲ ಅನ್ನೂದು ನಡುವಿನ ತೀರ್ಮಾನ. ಮಳಿ ಅದನ್ನ ಹೊತ್ತೈತಿ, ಅದು ಬಾಡಿಗಿ ಮಾತನ್ನ ಹೊತ್ತೈತಿ.”

“ಹಂಗಾರ ಬಾಡಿಗಿ ಯಾರ ಕೊಡ್ತಾರ?”

“ಅದು ಪ್ರಶ್ನೆ, ಯಪ್ಪಾ. ವಾದದ ಭಾಗ ಅಲ್ಲ.”

ನಗಬಹುದು, ಆದರೆ ವಿದ್ಯೆ ಹಗುರದ್ದಲ್ಲ. ಬೆಟ್ಟದ ಮೇಲೆ ಬೆಂಕಿ ಇದೆ, ಹೊಗೆ ಕಾಣುತ್ತಿದೆಯಲ್ಲ ಎಂಬಷ್ಟು ಮಾತನ್ನೇ ನ್ಯಾಯಶಾಸ್ತ್ರದವರು ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಎಂದು ಐದು ತುಂಡು ಮಾಡಿಟ್ಟರು. ತೀರ್ಮಾನಪ್ಪ ಕಿರಿಯರಿಗೆ ಇನ್ನೂ ಸಲೀಸಾಗಿ ಹೇಳಿಕೊಡುತ್ತಾನೆ. ಎರಡು ಮಾತಿನ ನಡುವೆ ‘ಯಾಕಂದ್ರ’ ಇಟ್ಟು ನೋಡು, ಅದರ ಮೊದಲು ಬಂದದ್ದು ತೀರ್ಮಾನ, ಆಮೇಲೆ ಬಂದದ್ದು ಆಧಾರ. ‘ಖರೆ ಐತಿ, ಆದ್ರ’ ಎಂದು ಯಾರಾದರೂ ಶುರು ಮಾಡಿದರೆ ‘ಆದ್ರ’ದ ಹಿಂದಿನದು ಎದುರಿನವನಿಗೆ ಕೊಟ್ಟ ಮರ್ಯಾದೆ ಅಷ್ಟೇ, ಅದನ್ನೇ ತೀರ್ಮಾನ ಅಂತ ಟಿಕ್ ಹಾಕಿ ಅಂಕ ಕಳೆದುಕೊಳ್ಳಬೇಡ. ಹೇಳಿದ್ದನ್ನೇ ಗಟ್ಟಿಯಾಗಿ ಹೇಳುವ ಹುಡುಗನಿಗೆ, “ಗೋಳಗುಮ್ಮಟದಾಗ ಒಂದು ಮಾತು ಏಳು ಸಲ ಕೇಳಸ್ತೈತಿ. ಅದಕ್ಕ ಏಳು ಆಧಾರ ಆದ್ವೇನಲೇ?” ಎನ್ನುತ್ತಾನೆ. ಯಾವ ಪ್ರೊಫೆಸರೂ ಇದನ್ನು ಇದಕ್ಕಿಂತ ಚೆನ್ನಾಗಿ ಹೇಳಿದ್ದನ್ನು ನಾನು ಕೇಳಿಲ್ಲ.

ಬಬಲೇಶ್ವರಕ್ಕೆ ಹೆಣ್ಣು ನೋಡಲು ಹೋದರು. ಹುಡುಗಿಯ ಅಪ್ಪ ನಯವಾಗಿಯೇ ಅಂದ, “ಹುಡುಗ ಶಾಣ್ಯಾ ಅದಾನ, ಖರೆ ಐತಿ. ತ್ವಾಟಾನೂ ಐತಿ. ಆದ್ರ ನೌಕರಿ ಇಲ್ಲ.”

“ಮಾವಾರ, ಎರಡು ಒಪ್ಪಿಗಿ, ಒಂದು ಆಧಾರ ಹೇಳಿದ್ರಿ. ತೀರ್ಮಾನ ಹೇಳಲೇ ಇಲ್ಲಲ್ರೀ?”

ಅವರು ಚಹಾ ಕೊಟ್ಟು ಬಸ್ಸಿನ ಟೈಮು ಹೇಳಿದರು.

ಬಸ್ಸಿನಲ್ಲಿ ಅವ್ವನ ಪಕ್ಕ ಕೂತು ಆತ ಸ್ವಂತ ವಾದ ಮಂಡಿಸಿದ. “ತಿಕೋಟಾ, ಬಬಲೇಶ್ವರ ಎರಡೂ ಹೊಸ ತಾಲೂಕು ಆಗ್ಯಾವು. ತಾಲೂಕಿಗೊಬ್ಬ ತಹಶೀಲ್ದಾರ ಬೇಕ ಬೇಕು. ಅದಕ್ಕ ನಾ ತಹಶೀಲ್ದಾರ ಆಗ್ತೇನಿ.”

“ಎರಡೂ ಕಡಿ ಈಗ ತಹಶೀಲ್ದಾರ್ರು ಅದಾರಲ್ಲೋ?”

“ಅದು ಆಕ್ಷೇಪಣೆ, ಯವ್ವಾ.”

ಕಂಡಕ್ಟರ್ ಬಂದ. 2023ರ ಜೂನಿನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಅವ್ವ ಚೀಲದಿಂದ ಕಾರ್ಡು ತೆಗೆದು ತೋರಿಸಿ ಸೊನ್ನೆ ರೂಪಾಯಿಯ ಟಿಕೆಟ್ ಇಸಕೊಂಡು ಮಗನ ಕಡೆ ತಿರುಗಿದಳು.

“ನನ್ನ ಕಡೆ ಆಧಾರ ಐತಿ. ನೀ ರೊಕ್ಕ ತಗಿ.”