ಕಚೇರಿಗೊಂದು ಪಡಸಾಲಿ

ಇಲ್ಲೇ ಬರ್ರಿ ಕಾಕಾ, ಬೇಲಿ ಈ ಕಡೆ ಬೇವಿನ ನೆರಳೈತಿ. ಮುಂಜಾನೆ ಉತಾರ ತರಾಕ ಹೋದವರು ಈಗ ಬಂದ್ರಿ, ಮಾರಿ ಎಷ್ಟು ಬಾಡೇತಿ! ಯಾವ ಕಚೇರಿ ಅಂತ ನಾ ಕೇಳೂದಿಲ್ಲ, ನೀವೂ ಹೇಳಬ್ಯಾಡ್ರಿ. ಆದ್ರ ಒಂದು ಮಾತು ಭಾಳ ದಿನದಿಂದ ನನ್ನ ತಲ್ಯಾಗ ಕೊರಿಯಾಕತ್ತೇತಿ. ಕೆಲಸಕ್ಕ ಬಂದ ಮಂದಿ ಎಲ್ಲಿ ನಿಲ್ಲತಾರ ಅನ್ನೂದನ್ನ ನೋಡೇ ಸರಕಾರಿ ಕಟ್ಟಡಕ್ಕ ಮಾರ್ಕ್ಸ್ ಹಾಕಬೇಕ್ರಿ.

“ಹಂಗಾದ್ರ ಮೊದಲಿನವರು ಛಲೋ ಕಟ್ಟತಿದ್ರೇನು?” ಅಂತೀರಿ. ನಮ್ಮ ವಿಜಯಪುರದ ಆಸರ್ ಮಹಲ್ ನೋಡೀರಲ್ಲ? ಈಗ ಅದರ ಹೆಸರು ಅಲ್ಲಿಟ್ಟ ಪವಿತ್ರ ಅವಶೇಷದಿಂದ ಬಂದೈತಿ. ಆದ್ರ ಮೊಹಮ್ಮದ ಆದಿಲಶಹಾ 1646ರ ಸುಮಾರಿಗೆ ಅದನ್ನ ಕಟ್ಟಿಸಿದ್ದು ನ್ಯಾಯದಾನದ ಮಹಲಂತ. ಮೂಡಣಕ್ಕ ಪೂರಾ ತೆರದೈತಿ. ಎತ್ತರದ ತೇಗಿನ ಕಂಬ, ಅವುಗಳ ಮ್ಯಾಲೆ ಕಟ್ಟಿಗಿ ಛಾವಣಿ, ಎದುರಿಗಿ ದೊಡ್ಡ ಹೊಂಡ. ಮಧ್ಯಾಹ್ನ ದಾಟಿದ ಮ್ಯಾಲೆ ಸೂರ್ಯ ಕಟ್ಟಡದ ಬೆನ್ನಿಗಿ ಹೋಗತಾನ, ಮುಂದಿನ ಅಂಗಳಕ್ಕ ಕಟ್ಟಡದ್ದೇ ನೆರಳು ಬೀಳತೈತಿ. ಅಹವಾಲು ತಂದಾವ ಆ ನೆರಳಿನ್ಯಾಗ ನಿಲ್ಲಬಹುದಿತ್ತು.

ಇಂಗ್ರೇಜರ ಕಾಲಕ್ಕ ಜಿಲ್ಲಾ ಕಚೇರಿ ಕಲಾದಗಿಯೊಳಗಿತ್ತು. 1885ರಾಗ ಅದನ್ನ ಇಲ್ಲಿಗಿ ತಂದ್ರು. ಹೊಸಾದು ಕಟ್ಟೂ ಖರ್ಚು ಯಾಕ, ಅರಮನಿಗೋಳು ಖಾಲಿನ ಬಿದ್ದಾವಲ್ಲ ಅಂತ, ಕೋಟಿಯೊಳಗಿನ ಚೀನಿ ಮಹಲಿನ್ಯಾಗ ಕಚೇರಿ ಹೂಡಿದ್ರು, ಆನಂದ ಮಹಲಿನ್ಯಾಗ ಸಾಹೇಬರು ಇದ್ರು. ಮಸೂತಿಗೋಳನ್ನೂ ಬಿಡಲಿಲ್ಲ, ಒಂದನ್ನಂತೂ ಪ್ರವಾಸಿ ಬಂಗಲೆ ಮಾಡಿಕೊಂಡಿದ್ರು. ಅದನ್ನ ಖಾಲಿ ಮಾಡಿಸಿದಾವ ವೈಸರಾಯ್ ಲಾರ್ಡ್ ಕರ್ಜನ್. 1904ರ ಸ್ಮಾರಕ ರಕ್ಷಣಾ ಕಾಯ್ದೆ ಬಂದಿದ್ದೂ ಅವನ ಕಾಲಕ್ಕನ. ಮಸೂತಿ ಬಿಡಿಸಿದ್ದು ಒಳ್ಳೇದೇ ಆತು. ಆದ್ರ ಆ ದಪ್ಪ ಗ್ವಾಡಿ ಒಳಗ ಕುಂತು ಕೆಲಸ ಮಾಡಿದವರು ಒಂದು ಪಾಠ ಕಲಿಬೇಕಿತ್ರಿ, ಕಲೀಲಿಲ್ಲ.

ಪಾಠ ಯಾವುದಂದ್ರ, ದಪ್ಪ ಗ್ವಾಡಿಗಿ ಬಿಸಲು ಬಡದ್ರ ಕಾವು ಒಳಗ ಮುಟ್ಟಾಕ ತಾಸುಗಟ್ಟಲೆ ಬೇಕು. ನಿಮ್ಮ ತಿಕೋಟಾದ ಹಳೇ ಮಾಳಗಿ ಮನಿ ನೆನಸ್ಕೊಳ್ರಿ, ಎರಡು ಮೊಳದ ಮಣ್ಣಿನ ಗ್ವಾಡಿ, ಮ್ಯಾಲೆ ಗೇಣುಗಟ್ಟಲೆ ಮಣ್ಣು. ಮಧ್ಯಾಹ್ನದ ಕಾವು ಒಳಗ ಬರೂದ್ರಾಗ ದೀಪ ಹಚ್ಚೂ ಹೊತ್ತಾಗಿರತೈತಿ. ಮನ್ಯಾಗಾದ್ರ ಮಲಗೂ ಮುಂದ ಅದು ತ್ರಾಸು, ಅದಕ್ಕ ಮಂದಿ ಮಾಳಗಿ ಮ್ಯಾಲೆ ಹಾಸ್ಕೊಂಡು ಮಲಗತಿದ್ರು. ಕಚೇರಿಗಿ ಆ ತ್ರಾಸೇ ಇಲ್ಲ, ಅಷ್ಟೊತ್ತಿಗಿ ಕೀಲಿ ಬಿದ್ದಿರತೈತಿ! ಈಗಿನ ನಾಕೈದು ಇಂಚಿನ ಸ್ಲ್ಯಾಬಿಗಿ ಮುಂಜಾನಿ ಬಡದ ಬಿಸಲು ಮಧ್ಯಾಹ್ನ ಊಟದ ಹೊತ್ತಿಗೇ ತಲಿ ಮ್ಯಾಲೆ ಇಳೀತೈತಿ.

“ಹೊಸಾ ಕಟ್ಟಡನೇ ಬ್ಯಾಡ ಅಂತೀಯೇನಪಾ?” ಛೆ ಛೆ, ಹಂಗಲ್ರಿ. ಹೊಸಾ ನಮೂನಿ ಕಟ್ಟೂದನ್ನ ಮೈಸೂರು ಸೀಮಿಗಿ ತಂದವರೊಳಗ ಒಬ್ಬ ಜರ್ಮನಿಯಿಂದ ಬಂದಾವ. ಒಟ್ಟೋ ಕೋನಿಗ್ಸ್‌ಬರ್ಗರ್ ಅಂತ, ಯಹೂದಿ. ಹಿಟ್ಲರನ ಕಾಟಕ್ಕ ದೇಶ ಬಿಟ್ಟಿದ್ದ. 1939ರಾಗ ಮಿರ್ಜಾ ಇಸ್ಮಾಯಿಲರು ದಿವಾನರಿದ್ದಾಗ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿ ಆದ. ಅಲಂಕಾರ ಕಡಿಮಿ, ನೆರಳು ಗಾಳಿ ಲೆಕ್ಕ ಹಾಕಿ ಕಟ್ಟಾವ. ಇಲ್ಲಿ ಕಲ್ತದ್ದು ಸುಳ್ಳಾಗಲಿಲ್ಲ, ಮುಂದ ಲಂಡನ್ನಿನ್ಯಾಗ ಮಾಸ್ತರಾಗಿ, ಬಿಸಲು ನಾಡಿನ್ಯಾಗ ಮನಿ ಹೆಂಗ ಕಟ್ಟಬೇಕು ಅಂತ ಜೋಡಿಗಾರರ ಕೂಡ 1974ರಾಗ ಪುಸ್ತಕ ಬರದ. ವಾಸ್ತುಶಿಲ್ಪ ಕಲಿಯೂ ಹುಡುಗರು ಅದನ್ನ ಓದತಾರ. ಕಟ್ಟಡದ ಉದ್ದನ ಗ್ವಾಡಿ ಉತ್ತರ ದಕ್ಷಿಣಕ್ಕ ಮಾರಿ ಮಾಡಿರಬೇಕು, ಪಡವಣದ ಇಳಿಬಿಸಲಿಗಿ ಬರೇ ಛಜ್ಜಾ ಸಾಲೂದಿಲ್ಲ ಅಂತ ಆ ವಿದ್ಯಾ ಹೇಳತೈತಿ. ನಮ್ಮ ಗೌಂಡಿಗೋಳಿಗೂ ಗೊತ್ತಿದ್ದ ಮಾತೇ, ಆದ್ರ ನಕಾಶಿ ಬರಿಯೂ ಟೇಬಲ್ಲಿಗಿ ಹೋಗಿ ಮುಟ್ಟಲಿಲ್ಲ.

ಯಾಕಂದ್ರ ನಮ್ಮ ಕಣ್ಣೆಲ್ಲ ವಿಧಾನಸೌಧದ ಮ್ಯಾಲೆ. ನೆಹರೂ 1951ರಾಗ ಅಡಿಗಲ್ಲು ಹಾಕಿದ್ರು. ಮುಂದಿನ ವರ್ಷ ಮುಖ್ಯಮಂತ್ರಿ ಆದ ಕೆಂಗಲ್ ಹನುಮಂತಯ್ಯನವರು ಮೊದಲಿನ ನಕಾಶಿ ಬದಲ ಮಾಡಿಸಿ, ನಮ್ಮ ಗುಡಿಗೋಳ ಗತ್ತಿನ್ಯಾಗ ಗ್ರಾನೈಟಿನಿಂದ ಎಬ್ಬಿಸಿದ್ರು. 1956ರಾಗ ಮುಗೀತು, ಮುಂಬೈ ರಾಜ್ಯದಾಗಿದ್ದ ನಮ್ಮ ಜಿಲ್ಲಾ ಈ ಕಡೆ ಕೂಡಿದ್ದೂ ಅದೇ ವರ್ಷ. ನನಗ ಆ ಕಟ್ಟಡದ ಮ್ಯಾಲೆ ಭಾಳ ಪ್ರೀತಿ ಐತಿ. ಆದ್ರ ತಾಲ್ಲೂಕಿಗೊಂದು ಮಿನಿ ವಿಧಾನಸೌಧ ಕಟ್ಟಾಕ ಹೊಂಟಾಗ ಅದರ ಗುಮ್ಮಟ ತಗೊಂಡ್ರು, ಕಂಬ ಸಿಮೆಂಟಿನ್ಯಾಗ ಎರಕ ಹೊಯ್ದ್ರು. ಬೆಂಗಳೂರಿನ ಹವಾ ಮಾತ್ರ ತರಾಕ ಆಗಲಿಲ್ಲ!

ಅದೇ ಐವತ್ತರ ದಶಕದಾಗ ಚಂಡೀಗಡದ ಸಚಿವಾಲಯವನ್ನ ಲ ಕಾರ್ಬೂಸಿಯೆ ಅನ್ನೂ ವಾಸ್ತುಶಿಲ್ಪಿ ಬತ್ತಲೆ ಕಾಂಕ್ರೀಟಿನ್ಯಾಗ ಕಟ್ಟಿದ. ಉದ್ದ 254 ಮೀಟರು! ಕಿಡಕಿ ಹೊರಗ ಕಾಂಕ್ರೀಟಿನ ಆಳವಾದ ಗೂಡು ಮಾಡಿ ಬಿಸಲನ್ನ ಅಲ್ಲೇ ತಡದ. ವಿಚಾರ ಭೇಷ್. ಆದ್ರ ಆ ಗೂಡೇ ಕಾದು ಒಳಗ ಶೆಕಿ ಬಿಡಾಕತ್ತು, ಆಮ್ಯಾಲೆ ಎ.ಸಿ. ಡಬ್ಬಿಗೋಳು ಬಂದ್ವು. ಬಿಸಲು ತಡಿಯೂ ಸಾಮಾನು ಹಗುರ ಇರಬೇಕು, ಗ್ವಾಡಿಯಿಂದ ದೂರ ನಿಲ್ಲಬೇಕು, ನಡಬರಕ ಗಾಳಿ ಆಡಬೇಕು.

ಇದನ್ನ ನಿಮಗೇನು ಹೇಳೂದ್ರಿ, ದ್ರಾಕ್ಷಿ ಒಣಗಸೂ ನಿಮ್ಮ ಮಣೂಕದ ಶೆಡ್ಡೇ ಹಂಗೈತಲ್ಲ! ಮ್ಯಾಲೆ ತಗಡು, ಸುತ್ತ ಹಸರು ನೆಟ್ಟು, ಒಳಗ ಒಂದರ ಮ್ಯಾಲೊಂದು ಜಾಳಿಗಿ. ದ್ರಾಕ್ಷಿಗೆ ನೇರ ಬಿಸಲು ಬಡೀಬಾರದು, ಬಡದ್ರ ಬಣ್ಣ ಕೆಡತೈತಿ, ದರ ಬೀಳತೈತಿ. ನೆರಳಿನ್ಯಾಗ, ಗಾಳಿಗಿ ಒಣಗಬೇಕು. ಗಾಳಿ ಯಾವ ಕಡಿಯಿಂದ ಬೀಸತೈತಿ ಅಂತ ನೋಡೇ ಶೆಡ್ಡಿನ ದಿಕ್ಕು ಹಿಡೀತೀರಿ. ಮಣೂಕಕ್ಕ ಮಾಡೂ ಇಷ್ಟು ಕಾಳಜಿ ಪಾಳಿ ಹಚ್ಚಿದ ರೈತಗೂ ಸಿಗಬಾರದೇನು?

ತಿಕೋಟಾ, ಬಬಲೇಶ್ವರ ಈಗ ತಾಲ್ಲೂಕು ಆಗ್ಯಾವ. ತಾಲ್ಲೂಕು ಅಂದ ಮ್ಯಾಲೆ ತಹಶೀಲ್ದಾರ, ಖಜಾನೆ, ನೋಂದಣಿ, ಒಂದೊಂದಕ್ಕೂ ಸೂರು ಬೇಕ. ಎಲ್ಲೇ ಹೊಸಾ ಕಟ್ಟಡದ ಮಾತು ಬಂದ್ರೂ ನೀವು ಹಿರ್ಯಾರು ಎದ್ದು ನಿಂತು ಕೇಳ್ರಿ: ಪಡಸಾಲಿ ಎಷ್ಟು ಫೂಟು ಅಗಲ? ಪಡವಣಕ್ಕ ಏನು ಅಡ್ಡ ಇಡತೀರಿ? ಅಡಿಪಾಯ ತೋಡೂ ಮುಂಚೇನ ಬೇವು, ಹೊಂಗಿ ಹಚ್ಚತೀರೋ ಇಲ್ಲೋ? ಗುಮ್ಮಟದ ರೊಕ್ಕದಾಗ ಹತ್ತು ಫೂಟಿನ ಪಡಸಾಲಿ ಸುತ್ತೂಕಡಿ ಹಾಕಬಹುದೇನು, ಲೆಕ್ಕ ಮಾಡಿ ತೋರಸ್ರಿ ಅನ್ರಿ. ಇಂಜಿನಿಯರ್ ಸಾಹೇಬರು ಮೊದಲ ನಗಬಹುದು. ನೀವು ಕುಂದರಬ್ಯಾಡ್ರಿ, ಮಣೂಕದ ಶೆಡ್ಡಿನ ಫೋಟೋ ಮೊಬೈಲಿನ್ಯಾಗ ತಗದು ಅವರ ಮುಂದ ಹಿಡೀರಿ.